ಜಲಪರಿಸರ ಲ್ಯಾಬ್‌ನಲ್ಲಿ ವಿದ್ಯಾರ್ಥಿ ಸ್ವಯಂಸೇವೆ: ನಂದಗಡದಿಂದ ನೋಡಿದರೆ ಏನು ಕಾಣುತ್ತೆ?

ಖಾನಾಪುರ ತಾಲೂಕಿನ ನೀರಿನ ಬಗ್ಗೆ ನಮ್ಮ ಬಳಿ ಒಂದು ಲೆಕ್ಕ ಪಕ್ಕಾ ಇದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪಿನ ಪ್ರಕಾರ ಕರ್ನಾಟಕದ ಪಾಲು 13.42 ಟಿಎಂಸಿ. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ಮಲಪ್ರಭೆಗೆ ತಿರುಗಿಸಬಹುದು. ಕಣಿವೆಯೊಳಗಿನ ಬಳಕೆಗೆ 1.5, ಜಲವಿದ್ಯುತ್ತಿಗೆ 8.02. ಎರಡು ದಶಮಾಂಶ ಸ್ಥಾನದವರೆಗೆ ಜಗಳ ಆಡಿ ಗಿಟ್ಟಿಸಿಕೊಂಡ ಲೆಕ್ಕ ಇದು. ನರಗುಂದದ ರೈತರಿಗೆ, ಗೋವಾದ ರಾಜಕಾರಣಿಗಳಿಗೆ, ನಮ್ಮಂಥ ಪತ್ರಕರ್ತರಿಗೆ ಈ ಅಂಕಿಗಳು ಬಾಯಿಪಾಠ.

ಆದ್ರೆ ಅದೇ ನೀರಲ್ಲಿ ಏನೇನು ಬದುಕಿದೆ, ಹೋದ ವರ್ಷ ಇದ್ದದ್ದು ಈ ವರ್ಷವೂ ಇದೆಯಾ ಅಂತ ಕೇಳಿದ್ರೆ ಲೆಕ್ಕ ತೆಳುವಾಗ್ತಾ ಹೋಗುತ್ತೆ. ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಬಗ್ಗೆ ಐಯುಸಿಎನ್ 2011ರಲ್ಲಿ ಪ್ರಕಟಿಸಿದ ವರದಿ ಮೀನು, ಮೃದ್ವಂಗಿ, ಏರೋಪ್ಲೇನ್ ಚಿಟ್ಟೆ, ಜಲಸಸ್ಯ ಎಲ್ಲ ಸೇರಿ 1,146 ಪ್ರಭೇದಗಳನ್ನು ಪರಿಶೀಲಿಸಿತು. ಸುಮಾರು ಶೇ. 16ರಷ್ಟು ಅಳಿವಿನ ಅಪಾಯದಲ್ಲಿವೆ ಅಂದಿತು. ಇನ್ನೊಂದು ಸುಮಾರು ಶೇ. 15ರ ಮುಂದೆ ‘ಮಾಹಿತಿ ಸಾಲದು’ ಅಂತ ಬರೆಯಿತು. ಮೊದಲನೇ ಸಂಖ್ಯೆ ಹೆಡ್‌ಲೈನ್ ಆಗುತ್ತೆ. ನನಗೆ ಎರಡನೆಯದು ಹೆಚ್ಚು ಕಾಡುತ್ತೆ. ಮಾಹಿತಿ ಸಾಲದು ಅಂದ್ರೆ ಸಾಕಷ್ಟು ಜನ, ಸಾಕಷ್ಟು ಸಲ ಹೋಗಿ ನೋಡಿಲ್ಲ ಅಂತಷ್ಟೇ.

ಹೋಗಿ ನೋಡುವ ಕೆಲಸ ಮಾಡಬೇಕಾದದ್ದು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಜಲಪರಿಸರ ಲ್ಯಾಬ್‌ಗಳು. ಅಲ್ಲಿ ಬಾಟಲಿ ಹೊರೋದು, ಬಲೆ ಹಿಡಿಯೋದು, ಮೈಕ್ರೋಸ್ಕೋಪಿನ ಕೆಳಗೆ ಹುಳ ಎಣಿಸೋದು, ಇದರಲ್ಲಿ ದೊಡ್ಡ ಪಾಲು ಸಂಬಳವಿಲ್ಲದ ವಿದ್ಯಾರ್ಥಿಗಳದ್ದು. ಕನ್ನಡದಲ್ಲಿ ಈ ಕೆಲಸದ ಬಗ್ಗೆ ಒಂದು ಕಡೆ ಕೂಡಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಇದು ಬಿ.ಎಸ್ಸಿ. ಓದ್ತಿರೋ, ಓದಬೇಕೆಂದಿರೋ ನಿಮಗಾಗಿ. ನಂದಗಡವನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಮಲಪ್ರಭೆ ಮತ್ತು ಮಹದಾಯಿ ಎರಡೂ ಹುಟ್ಟೋದು ಈ ಊರಿರುವ ತಾಲೂಕಿನಲ್ಲೇ. ಜನವರಿ 26ಕ್ಕೆ ರಾಯಣ್ಣನ ಸಮಾಧಿಗೆ ಬರುವ ಸಾವಿರಾರು ಯುವಕರಿಗೆ ಈ ಊರು ಗೊತ್ತು. ಇಲ್ಲಿಂದ ಒಬ್ಬ ಹುಡುಗಿ ನದಿ ವಿಜ್ಞಾನದ ಕೆಲಸಕ್ಕೆ ಸೇರಬೇಕೆಂದರೆ ಏನೇನು ಅಡ್ಡ ಬರುತ್ತೆ ಅನ್ನೋದು ಗೊತ್ತಿಲ್ಲ.

ಕೆಲಸ ಏನು?

ನಾನು ಓದಿದ್ದು ಇಂಜಿನಿಯರಿಂಗ್. ನಮಗೆ ನದಿ ಅಂದ್ರೆ ಕ್ಯೂಸೆಕ್ಸ್, ಇಳಿಜಾರು, ಪೈಪಿನ ವ್ಯಾಸ. ಜಲಪರಿಸರದವರು ನದಿಯನ್ನು ಒಂದು ಊರಿನಂತೆ ನೋಡ್ತಾರೆ: ಯಾರು ಎಲ್ಲಿ ವಾಸ, ಏನು ತಿಂತಾರೆ, ಯಾರು ಊರು ಬಿಟ್ಟರು.

ಮೊದಲ ಕೆಲಸ ಉಸಿರು ಅಳೆಯೋದು, ಅಂದ್ರೆ ನೀರಿನಲ್ಲಿ ಕರಗಿದ ಆಮ್ಲಜನಕ, ಡಿಒ. ಈಗ ಮೀಟರ್‌ಗಳಿವೆ, ಆದ್ರೂ ಒಳ್ಳೆ ಲ್ಯಾಬ್‌ಗಳು ಇನ್ನೂ ವಿಂಕ್ಲರ್ ವಿಧಾನ ಕಲಿಸ್ತವೆ. 300 ಮಿ.ಲೀ. ಬಾಟಲಿಯಲ್ಲಿ ಗುಳ್ಳೆ ಸೇರದಂತೆ ನೀರು ತುಂಬಿ, ನದಿ ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತೆ. ಆಮೇಲೆ ಆಮ್ಲ ಹಾಕಿ, ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡ್ತಾರೆ. ಗಂಜಿ ದ್ರಾವಣದ ನೀಲಿ ಬಣ್ಣ ಮಾಯವಾದ ಕ್ಷಣವೇ ಉತ್ತರ. 25 ಡಿಗ್ರಿ ತಾಪಮಾನದ ಶುದ್ಧ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ನೀರು ಬಿಸಿಯಾದಷ್ಟೂ ಅದು ಕಡಿಮೆ. ಬೇಸಿಗೆಯಲ್ಲಿ ಮೀನು ಸಾಯೋಕೆ ಇದೂ ಒಂದು ಕಾರಣ.

ಎರಡನೆಯದು ಬಿಒಡಿ. ಕೊಳೆಯನ್ನು ಜೀರ್ಣಿಸಿಕೊಳ್ಳೋಕೆ ನೀರಿನ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ನುಂಗ್ತಾವೆ ಅನ್ನೋ ಲೆಕ್ಕ. ಬಾಟಲಿಯನ್ನು ಕತ್ತಲಲ್ಲಿ 20 ಡಿಗ್ರಿಯಲ್ಲಿ ಐದು ದಿನ ಇಡಬೇಕು. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ಸ್ನಾನಕ್ಕೆ ಯೋಗ್ಯವಾದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿರುವ ಮಿತಿ: ಡಿಒ ಕನಿಷ್ಠ 5, ಬಿಒಡಿ ಗರಿಷ್ಠ 3 ಮಿಲಿಗ್ರಾಂ. ಈ ‘3’ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು: ಕಲ್ಲಿನಡಿಯ ಹುಳ ಹುಡುಕೋದು. ಹರಿವಿಗೆ ಎದುರಾಗಿ ಬಲೆ ಇಟ್ಟು, ಅದರ ಮುಂದಿನ ಜಲ್ಲಿಯನ್ನು ಕಾಲಿನಿಂದ ಕೆದಕ್ತಾರೆ. ಕೊಚ್ಚಿ ಬಂದದ್ದೆಲ್ಲ ಬಿಳಿ ತಟ್ಟೆಗೆ. ಮೇಫ್ಲೈ ಮರಿಗೆ ಹೊಟ್ಟೆಯ ಬದಿಯಲ್ಲಿ ಕಿವಿರು, ಸಾಮಾನ್ಯವಾಗಿ ಮೂರು ಬಾಲ. ಸ್ಟೋನ್‌ಫ್ಲೈಗೆ ಎರಡು ಬಾಲ. ಕ್ಯಾಡಿಸ್ ಹುಳದ ಎಷ್ಟೋ ಬಗೆಗಳು ಮರಳು, ಎಲೆಚೂರು ಅಂಟಿಸಿ ತಾವೇ ಮನೆ ಕಟ್ಟಿಕೊಂಡು ಅದರೊಳಗೇ ಓಡಾಡ್ತವೆ. ಈ ಮೂರೂ ಇದ್ದರೆ ನೀರು ಚೆನ್ನಾಗಿದೆ ಅಂತ ಸಾಕ್ಷಿ. ಇವು ಹೋಗಿ ರಕ್ತದ ಬಣ್ಣದ ಕೆಂಪು ಹುಳಗಳು ಮಾತ್ರ ಉಳಿದಿದ್ದರೆ ಆಮ್ಲಜನಕ ಕುಸಿದಿದೆ ಅಂತ ಅರ್ಥ. ಅವುಗಳ ದೇಹದಲ್ಲಿ ಹಿಮೋಗ್ಲೋಬಿನ್ ಇರೋದ್ರಿಂದ ಅಂಥ ನೀರಲ್ಲೂ ಬದುಕ್ತವೆ. ಒಂದೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಕೂಡಿಸುವ ಪದ್ಧತಿ ಬ್ರಿಟನ್‌ನಲ್ಲಿ ಹುಟ್ಟಿತು. ನಮ್ಮ ಕೇಂದ್ರ ಮಂಡಳಿಯ ಜೈವಿಕ ಮಾನದಂಡವೂ ಅದರ ಮೇಲೇ ನಿಂತಿದೆ.

ಇದರ ರಾಜಕೀಯ ಬೆಲೆ ಗಮನಿಸಿ. ರಾಸಾಯನಿಕ ಪರೀಕ್ಷೆ ಆ ಗಂಟೆಯ ನೀರನ್ನು ಮಾತ್ರ ಹೇಳುತ್ತೆ. ಫ್ಯಾಕ್ಟರಿ ರಾತ್ರಿ ಬಿಟ್ಟು ಬೆಳಗ್ಗೆ ಮುಚ್ಚಿದರೆ ಹತ್ತು ಗಂಟೆಯ ಬಾಟಲಿಗೆ ಏನೂ ಸಿಗಲ್ಲ. ಹುಳ ಹಾಗಲ್ಲ, ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತೆ. ರಾತ್ರಿ ಬಂದ ವಿಷ ಅದನ್ನು ಕೊಂದಿದ್ದರೆ ಮುಂದಿನ ವಾರ ಹೋದರೂ ಆ ಜಾಗ ಖಾಲಿ ಇರುತ್ತೆ.

ಉಳಿದದ್ದು ಲ್ಯಾಬ್ ಒಳಗಿನ ದುಡಿಮೆ: ಸ್ಯಾಂಪಲ್ ವಿಂಗಡಣೆ, ಲೇಬಲ್, ಒಂದು ಮಿ.ಲೀ. ಹಿಡಿಯುವ ಗಾಜಿನ ಕೋಶದಲ್ಲಿ ಪ್ಲವಕ ಎಣಿಕೆ, ಎಕ್ಸೆಲ್ ಶೀಟು, ಬಾಟಲಿ ತೊಳೆಯೋದು. ಬಾಟಲಿ ತೊಳೆಯೋದು ಬಹಳ ಇರುತ್ತೆ.

ನದಿಗೆ ಸೆಮಿಸ್ಟರ್ ಗೊತ್ತಿಲ್ಲ

ನಂದಗಡದ ವಿಷಯಕ್ಕೆ ಬರೋಣ. ಹಳ್ಳಿಯ ವಿದ್ಯಾರ್ಥಿಗೆ ‘ಅವಕಾಶ ಕೊಡೋದು’ ಒಂದು ಉಪಕಾರ ಅನ್ನೋ ಧಾಟಿ ನಮ್ಮಲ್ಲಿದೆ. ನನ್ನ ವಾದ ಬೇರೆ. ಈ ಕೆಲಸಕ್ಕೆ ಹಳ್ಳಿಯವರು ಬೇಕೇ ಬೇಕು, ಲ್ಯಾಬ್‌ನ ಸ್ವಾರ್ಥಕ್ಕಾದರೂ.

ಯಾಕೆ? ಹಗಲಲ್ಲಿ ಪಾಚಿ, ಜಲಸಸ್ಯಗಳು ದ್ಯುತಿಸಂಶ್ಲೇಷಣೆ ಮಾಡಿ ಆಮ್ಲಜನಕ ಬಿಡ್ತವೆ. ರಾತ್ರಿ ಎಲ್ಲವೂ ಉಸಿರಾಡ್ತವೆ, ಯಾರೂ ತಯಾರಿಸಲ್ಲ. ಹಾಗಾಗಿ ಡಿಒ ಅತಿ ಕಡಿಮೆ ಇರೋದು ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ. ಕೆರೆಗಳಲ್ಲಿ ಮೀನು ಸತ್ತು ತೇಲೋ ಸುದ್ದಿ ಹೆಚ್ಚಾಗಿ ಬೆಳಗ್ಗೆಯೇ ಬರೋದು ಇದಕ್ಕೇ. ಪಟ್ಟಣದಿಂದ ಜೀಪ್ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಹನ್ನೊಂದಕ್ಕೆ ಕೆರೆ ತಲುಪಿದ ತಂಡಕ್ಕೆ ಸಿಗೋದು ಸುಧಾರಿಸಿಕೊಂಡ ನೀರು. ಬೆಳಗಿನ ಐದೂವರೆಗೆ ಬಾಟಲಿ ತುಂಬೋಕೆ ಆ ಊರಲ್ಲೇ ಮಲಗಿದ್ದವರು ಬೇಕು.

ಎರಡನೇ ಕಾರಣ ಮಳೆ. ಜೂನ್‌ನ ಮೊದಲ ದೊಡ್ಡ ಮಳೆ ಹೊಲದ ಗೊಬ್ಬರ, ರಸ್ತೆಯ ಎಣ್ಣೆ, ಚರಂಡಿಯ ಬೇಸಿಗೆಯಿಡೀ ಕೂತ ಹೂಳು ಎಲ್ಲವನ್ನೂ ಒಂದೇ ದಿನ ಹಳ್ಳಕ್ಕೆ ತಳ್ಳುತ್ತೆ. ವರ್ಷದ ಬಹುಮುಖ್ಯ ಸ್ಯಾಂಪಲ್‌ಗಳಲ್ಲಿ ಅದೊಂದು. ಆಗ ಕ್ಯಾಂಪಸ್ಸಿನಲ್ಲಿ ಪರೀಕ್ಷೆ ಅಥವಾ ರಜೆ. ರಜೆಗೆ ಮನೆಗೆ ಹೋದ ಖಾನಾಪುರದ ವಿದ್ಯಾರ್ಥಿ ಮಾತ್ರ ಹಳ್ಳದ ದಂಡೆಯಲ್ಲಿರ್ತಾರೆ.

ಮೂರನೆಯದು ಭಾಷೆ. ಗಡಿಯ ಜಗಳದಲ್ಲಿ ನಾವು ಕನ್ನಡ-ಮರಾಠಿ ಅಂತ ಬೋರ್ಡು ನೋಡ್ತೀವಿ. ಇಲ್ಲಿನ ಮೀನು ಹಿಡಿಯುವವರ ಬಾಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಬೆರೆತಿರುತ್ತೆ. ಕನ್ನಡದವರು ಹಾವುಮೀನು ಅಂದದ್ದನ್ನೇ ಮರಾಠಿಯವರು ವಾಂಬ ಅಂತಾರೆ. ‘ಹತ್ತು ವರ್ಷದ ಹಿಂದೆ ಈ ಮಡುವಿನಲ್ಲಿ ಏನು ಸಿಗ್ತಿತ್ತು’ ಅನ್ನೋ ಪ್ರಶ್ನೆಗೆ ಉತ್ತರ ಯಾವ ಜರ್ನಲ್‌ನಲ್ಲೂ ಇಲ್ಲ, ಅವರ ನೆನಪಲ್ಲಿದೆ. ಎರಡೂ ಹೆಸರು ಒಂದೇ ಮೀನಿನದ್ದು ಅಂತ ಗೊತ್ತಿರೋ ಹುಡುಗಿ ಇಲ್ಲದಿದ್ದರೆ ಲ್ಯಾಬ್‌ನ ಪಟ್ಟಿಯಲ್ಲಿ ಒಂದು ಮೀನು ಎರಡಾಗುತ್ತೆ.

ಹೊಸದೇನಲ್ಲ

ಕರ್ನಾಟಕದಲ್ಲಿ ಇದಕ್ಕೆ ಇತಿಹಾಸ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದ ಮಾಧವ ಗಾಡ್ಗೀಳ್ 1990ರ ದಶಕದಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಪದವಿ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳನ್ನು ಸೇರಿಸಿ ಜೀವವೈವಿಧ್ಯ ದಾಖಲಿಸುವ ಜಾಲ ಕಟ್ಟಿದರು. ದೇಶದ ಜೀವಸಂಪತ್ತಿನ ಮೇಲೆ ಕಣ್ಣಿಡೋಕೆ ವಿದ್ಯಾರ್ಥಿ ಶಕ್ತಿಯನ್ನೇ ಬಳಸಬೇಕು ಅಂತ 1996ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಾದ ಮಂಡಿಸಿದರು. ಅದೇ ಕೇಂದ್ರದಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಎರಡು ವರ್ಷಕ್ಕೊಮ್ಮೆ ನಡೆಸುವ ಕೆರೆ ಸಮ್ಮೇಳನದಲ್ಲಿ ಶಾಲೆ-ಕಾಲೇಜಿನ ಮಕ್ಕಳೂ ತಮ್ಮ ಊರಿನ ಕೆರೆಯ ಅಧ್ಯಯನ ಮಂಡಿಸ್ತಾರೆ. 2016ರ ಸಮ್ಮೇಳನ ನಡೆದದ್ದು ಮೂಡುಬಿದಿರೆಯಲ್ಲಿ.

ಹೊರದೇಶದ ಎರಡು ಉದಾಹರಣೆ ಸಾಕು. ಬ್ರಿಟನ್‌ನಲ್ಲಿ 2007ರಿಂದ ಗಾಳ ಹಾಕುವ ಹವ್ಯಾಸಿಗಳೇ ತಿಂಗಳಿಗೊಮ್ಮೆ ನದಿ ಹುಳಗಳನ್ನು ಎಣಿಸ್ತಾರೆ. ಎಣಿಕೆ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಸರ್ಕಾರಿ ಸಂಸ್ಥೆಗೆ ತಿಳಿಸ್ತಾರೆ, ಅವರು ಬಂದು ತಪಾಸಣೆ ಮಾಡಬೇಕು. ಇನ್ನೊಂದು ಅಮೆರಿಕದ ಫ್ಲಿಂಟ್. 2015ರಲ್ಲಿ ವರ್ಜೀನಿಯಾ ಟೆಕ್‌ನ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್ ಅವರ ವಿದ್ಯಾರ್ಥಿಗಳು 300 ಕಿಟ್ ಕಳಿಸಿ, ನಿವಾಸಿಗಳಿಂದ ನಲ್ಲಿ ನೀರು ತರಿಸಿ ಪರೀಕ್ಷಿಸಿದರು. ಅಧಿಕಾರಿಗಳು ಎಲ್ಲ ಸರಿ ಇದೆ ಅಂತಿದ್ದ ನೀರಿನಲ್ಲಿ ಸೀಸ ಸಿಕ್ಕಿತು. ಅದೇ ಅಕ್ಟೋಬರ್‌ನಲ್ಲಿ ನಗರ ತನ್ನ ನೀರಿನ ಮೂಲ ಬದಲಿಸಿತು. ಅದು ಕುಡಿಯುವ ನೀರಿನ ಕಥೆ, ನದಿ ಹುಳದ್ದಲ್ಲ, ಒಪ್ತೀನಿ. ಆದ್ರೆ ಒಂದು ಯೂನಿವರ್ಸಿಟಿ ಲ್ಯಾಬ್ ತನ್ನ ವಿದ್ಯಾರ್ಥಿಗಳ ಜೊತೆ ಯಾರ ಪರ ನಿಲ್ಲಬಹುದು ಅನ್ನೋದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಸ್ವಯಂಸೇವೆಯೋ, ಬಿಟ್ಟಿ ಚಾಕರಿಯೋ

ಯುಜಿಸಿಯ ಫೆಲೋಶಿಪ್ ಪಡೆದ ಜೂನಿಯರ್ ಸಂಶೋಧಕರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅವರ ಪಕ್ಕದಲ್ಲೇ ನಿಂತು ಅದೇ ಬಲೆ ಹಿಡಿದ ಪದವಿ ವಿದ್ಯಾರ್ಥಿಗೆ ಸೊನ್ನೆ. ಕಲಿಯೋಕೆ ಬಂದವರು ತಾನೇ ಅಂತಾರೆ. ಮೊದಲ ಎರಡು ವಾರ ಅದು ನಿಜ. ಮೂರನೇ ತಿಂಗಳು ಆಕೆ ಯಾರ ಸಹಾಯವೂ ಇಲ್ಲದೆ ದಿನಕ್ಕೆ ಹತ್ತು ಸ್ಯಾಂಪಲ್ ಮುಗಿಸುವಾಗ ಅದು ಕೂಲಿಯಿಲ್ಲದ ಕೂಲಿ.

ನಷ್ಟ ಅವಳೊಬ್ಬಳದೇ ಅಲ್ಲ. ಸಂಬಳವಿಲ್ಲದ ಕೆಲಸ ತಾನಾಗೇ ಜನರನ್ನು ಜರಡಿ ಹಿಡಿಯುತ್ತೆ. ಪಟ್ಟಣದಲ್ಲಿ ಮನೆ ಇದ್ದವರು, ಬೇಸಿಗೆಯಲ್ಲಿ ದುಡಿಯಬೇಕಿಲ್ಲದವರು ಉಳಿತಾರೆ. ಆಮೇಲೆ ಎಂ.ಎಸ್ಸಿ. ಪ್ರವೇಶಕ್ಕೆ, ಪಿಎಚ್‌ಡಿ ಸಂದರ್ಶನಕ್ಕೆ ‘ಸಂಶೋಧನಾ ಅನುಭವ’ ಅಂತ ತೋರಿಸೋದು ಅವರೇ. ನಂದಗಡದಿಂದ ಬೆಳಗಾವಿಗೆ ಬರೋಕೆ ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ ಇದೆ. ಈ ಯೋಜನೆಯನ್ನು ಆಡಿಕೊಳ್ಳೋರು ಇಂಥದ್ದನ್ನೂ ಲೆಕ್ಕಕ್ಕೆ ತಗೋಬೇಕು. ಆದ್ರೆ ಬಸ್ಸು ಉಚಿತವಾದ ಮಾತ್ರಕ್ಕೆ ಊಟ, ರಾತ್ರಿ ತಂಗೋ ಜಾಗ ಉಚಿತ ಆಗಲ್ಲ. ಸಂಜೆ ತಡವಾಗಿ ಮುಗಿಯೋ ಟೈಟ್ರೇಶನ್ ಕೊನೇ ಬಸ್ಸಿಗೆ ಕಾಯಲ್ಲ.

ದಾರಿಗಳಿವೆ, ಸ್ವಲ್ಪ. ಯುಜಿಸಿ ಚೌಕಟ್ಟಿನಲ್ಲಿ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್‌ಗೆ 2ರಿಂದ 4 ಕ್ರೆಡಿಟ್ ಸಿಗಬಹುದು. ಎನ್‌ಎಸ್‌ಎಸ್‌ನವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಆ ಗಂಟೆಗಳು ವೇದಿಕೆ ಗುಡಿಸೋದಕ್ಕೇ ಹೋಗಬೇಕು ಅಂತ ಎಲ್ಲೂ ಬರೆದಿಲ್ಲ, ಹಳ್ಳದ ನೀರು ಅಳೆಯೋಕೂ ಹೋಗಬಹುದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಸ್ಟೈಪೆಂಡ್ ಇದೆ, ಸ್ಪರ್ಧೆ ಜೋರು. ಇನ್ನೊಂದು ಸಂಗತಿ: ಕರ್ನಾಟಕ ಸರ್ಕಾರ 2024-25ರಿಂದ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಬಡ ಮಕ್ಕಳಿಗೆ ಒಂದು ವರ್ಷದ ಖರ್ಚು ಉಳಿಯಿತು, ನಾನದನ್ನು ಸ್ವಾಗತಿಸಿದವನೇ. ಜೊತೆಗೆ ಸಂಶೋಧನೆಗೆಂದು ಮೀಸಲಿದ್ದ ನಾಲ್ಕನೇ ವರ್ಷವೂ ಹೋಯಿತು. ಆ ಜಾಗವನ್ನು ಈಗ ತುಂಬ್ತಿರೋದು ಇಂಥ ಅನೌಪಚಾರಿಕ, ಲೆಕ್ಕವಿಲ್ಲದ ಸ್ವಯಂಸೇವೆ. ಸಾರ್ವಜನಿಕ ವಿವಿಗಳು ಯೋಜನೆಯ ಬಜೆಟ್ಟಿನಲ್ಲೇ ಕ್ಷೇತ್ರ ಭತ್ಯೆ ಅಂತ ಒಂದು ಸಾಲು ಸೇರಿಸಬೇಕು. ಉಪಕರಣಕ್ಕೆ ಹಣ ಹುಡುಕೋರು ಊಟಕ್ಕೂ ಹುಡುಕಬಹುದು.

ಸೇರೋ ಮುಂಚೆ ನೀವು ಕೇಳಬೇಕಾದ್ದು: ಗಂಟೆಗಳ ದಾಖಲೆ ಯಾರಿಡ್ತಾರೆ, ಪ್ರಯಾಣ ಖರ್ಚು ಯಾರದು, ನಾನು ಸಂಗ್ರಹಿಸಿದ ದತ್ತಾಂಶ ಪ್ರಬಂಧವಾದರೆ ನನ್ನ ಹೆಸರು ಎಲ್ಲಿ ಬರುತ್ತೆ. ವಿನಯಕ್ಕೆ ಸುಮ್ಮನಿರಬೇಡಿ. ಸುರಕ್ಷತೆಯನ್ನೂ ಕೇಳಿ. ಸ್ಯಾಂಪಲ್ ಕೆಡದಂತೆ ಬಳಸುವ ಫಾರ್ಮಲಿನ್ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಯಲ್ಲಿದೆ. ಗ್ಲೌಸ್, ಗಾಳಿ ಹೋಗುವ ಜಾಗ ಇಲ್ಲದೆ ಮುಟ್ಟಬೇಡಿ. ಮಳೆಗಾಲದ ಕೆಸರು ನೀರಲ್ಲಿ ಇಲಿಜ್ವರದ ಅಪಾಯ ಇದೆ. ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ ಮಲಪ್ರಭೆಗೆ ಇಳಿಯೋದು ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಆ ನದಿ ಏನು ಮಾಡಿತು ಅಂತ ಇಲ್ಲಿನವರಿಗೆ ನಾನು ಹೇಳಬೇಕಿಲ್ಲ.

ನಿಮ್ಮ ಅಂಕಿಗೆ ಕಾನೂನಿನಲ್ಲಿ ಎಷ್ಟು ಬೆಲೆ?

ಈಗ ಆ ‘3’. ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳ ಪಟ್ಟಿ ಮಾಡಿತು. ಅಳತೆಗೋಲು: ಬಿಒಡಿ 3 ಮಿಲಿಗ್ರಾಂ ದಾಟಿದೆಯೇ. ಕರ್ನಾಟಕದ 17ರಲ್ಲಿ ಮಲಪ್ರಭೆಯೂ ಒಂದು, ಖಾನಾಪುರದಿಂದ ರಾಮದುರ್ಗದವರೆಗೆ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಇನ್ನೂ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮ ಸೇರಬೇಕಾದ ನದಿ, ದಾರಿಯಲ್ಲಿ ಸಿಗುವ ಮೊದಲ ಪಟ್ಟಣದಿಂದಲೇ ಪಟ್ಟಿಗೆ ಸೇರಿತು. ಅದೇ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಪ್ರತಿ ರಾಜ್ಯವೂ ನದಿ ಪುನಶ್ಚೇತನ ಸಮಿತಿ ಮಾಡಿ ಕ್ರಿಯಾಯೋಜನೆ ಕೊಡಬೇಕು ಅಂತ ಆದೇಶಿಸಿತು.

ವಿದ್ಯಾರ್ಥಿಯ ಬಾಟಲಿಯಿಂದ ಮಾಲಿನ್ಯ ಮಾಡಿದವರನ್ನು ಜೈಲಿಗೆ ಕಳಿಸೋಕಾಗಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಂಡಳಿಯ ಅಧಿಕಾರಿಯೇ, ನೋಟಿಸ್ ಕೊಟ್ಟು, ನಿಗದಿತ ಕ್ರಮದಲ್ಲಿ ತೆಗೆದ ಸ್ಯಾಂಪಲ್‌ಗೆ ಮಾತ್ರ ಸಾಕ್ಷ್ಯದ ಬೆಲೆ. ಹಾಗಂತ ನಿಮ್ಮ ಅಂಕಿ ವ್ಯರ್ಥ ಅಲ್ಲ. ಗ್ರಾಮಸಭೆಯಲ್ಲಿ, ಸಾರ್ವಜನಿಕ ಅಹವಾಲು ಸಭೆಯಲ್ಲಿ, ಆರ್‌ಟಿಐನಿಂದ ತೆಗೆದ ಮಂಡಳಿಯ ಅಂಕಿಯ ಪಕ್ಕದಲ್ಲಿ ಅದನ್ನಿಡಬಹುದು. ಎರಡೂ ತಾಳೆಯಾಗದಿದ್ದರೆ ‘ಬಂದು ಮತ್ತೆ ಅಳೆಯಿರಿ’ ಅಂತ ಕೇಳೋಕೆ ಕಾರಣ ಸಿಕ್ಕಿತು. ಕಳಸಾ-ಬಂಡೂರಿಯ ವಾದಕ್ಕೂ ಇದು ಬೇಕು. ಕುಡಿಯುವ ನೀರು ನಮ್ಮ ಹಕ್ಕು ಅನ್ನೋರು, ಕಾಡು ಉಳಿಸಿ ಅನ್ನೋರು, ಇಬ್ಬರಿಗೂ ತಿರುವಿನ ಮುಂಚಿನ ಹಳ್ಳ ಹೇಗಿತ್ತು ಅನ್ನೋ ದಾಖಲೆ ಇಲ್ಲದಿದ್ದರೆ ಆಮೇಲೆ ಏನು ಬದಲಾಯಿತು ಅಂತ ತೋರಿಸೋಕಾಗಲ್ಲ.

ಒಂದು ಎಚ್ಚರಿಕೆ: ಮಹದಾಯಿಯ ಮೂಲ ಭೀಮಗಡ ವನ್ಯಜೀವಿ ಧಾಮದ ಭಾಗದಲ್ಲಿದೆ. ಧಾಮದೊಳಗೆ ಸಂಶೋಧನೆಗೆ 1972ರ ವನ್ಯಜೀವಿ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಅರ್ಜಿ ಲ್ಯಾಬ್ ಹಾಕಬೇಕು, ನೀವಲ್ಲ. ಪತ್ರದ ಪ್ರತಿ ನಿಮ್ಮ ಬ್ಯಾಗಿನಲ್ಲಿರಲಿ.

ನಂದಗಡದಲ್ಲಿ ಶುರು ಮಾಡೋದಾದರೆ

ಈ ಭಾಗದ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರ್ತವೆ. ಅತ್ತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹಳೆಯ ಪ್ರಾಣಿಶಾಸ್ತ್ರ ವಿಭಾಗ ಇದೆ. ಮೊದಲು ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಅಥವಾ ರಸಾಯನಶಾಸ್ತ್ರ ಮೇಷ್ಟ್ರನ್ನು ಹಿಡಿಯಿರಿ. ಅವರ ಮೂಲಕ ಪತ್ರ ಹೋದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಪತ್ರದಲ್ಲಿ ‘ನನಗೆ ಅವಕಾಶ ಕೊಡಿ’ ಅಂತ ಬರೀಬೇಡಿ. ‘ನಾನು ವರ್ಷಪೂರ್ತಿ ಇಂಥ ಹಳ್ಳದಿಂದ ಇಷ್ಟು ದೂರದಲ್ಲಿರ್ತೀನಿ, ಬೆಳಗಿನ ಸ್ಯಾಂಪಲ್ ತೆಗೀಬಲ್ಲೆ, ಕನ್ನಡ-ಮರಾಠಿ ಎರಡೂ ಬರುತ್ತೆ’ ಅಂತ ಬರೀರಿ. ಲ್ಯಾಬ್‌ಗೆ ನಿಮ್ಮಿಂದ ಏನು ಲಾಭ ಅಂತ ಅವರಿಗೆ ಗೊತ್ತಾಗಲಿ.

ಉತ್ತರ ಬರೋವರೆಗೆ ಕೈಕಟ್ಟಿ ಕೂರಬೇಕಿಲ್ಲ. ಒಂದೇ ಜಾಗ, ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ. ನೀರಿನ ತಾಪಮಾನ, 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆ ಎಷ್ಟು ಆಳದಲ್ಲಿ ಕಣ್ಮರೆಯಾಯಿತು, ಬಿಳಿ ಟ್ರೇಯಲ್ಲಿ ಸಿಕ್ಕ ಹುಳಗಳ ಫೋಟೋ, ಹಿಂದಿನ ರಾತ್ರಿ ಮಳೆ ಬಂತಾ. ದಪ್ಪ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೀರಿ, ಪೆನ್ನಿನ ಶಾಯಿ ನೆನೆದರೆ ಹೋಗುತ್ತೆ. ಫೋಟೋಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಗುರುತಿಸಿಕೊಡೋರು ಅಲ್ಲಿದ್ದಾರೆ, ನಿಮ್ಮ ಹೆಸರು, ದಿನಾಂಕ ಸಮೇತ ದಾಖಲೆಯೂ ಉಳಿಯುತ್ತೆ.

ಡಿಒ ಬಾಟಲಿ ಮತ್ತು ಎರಡು ರಾಸಾಯನಿಕ ಮಾತ್ರ ಲ್ಯಾಬ್‌ನಿಂದಲೇ ಬರಬೇಕು, ಬಳಸೋದನ್ನು ಅವರೇ ಒಂದು ದಿನ ಕೂತು ಕಲಿಸಬೇಕು. ಅದನ್ನು ಮೇ ತಿಂಗಳಲ್ಲೇ ಕೇಳಿ ಇಟ್ಕೊಳ್ಳಿ, ಮೊದಲ ಮಳೆ ಬಿದ್ದ ಮೇಲೆ ಕೇಳಿದರೆ ತಡವಾಯ್ತು.